ಸೆರಗಿನಲ್ಲಿ ಮುಚ್ಚದ ದುರ್ಬೀನು

ನಮ್ಮ ಕಡೆ ಕಣ್ಣಿಗೆ ಯಂತ್ರ ಹಿಡಿದು ದೂರ ನೋಡುವವರೆಲ್ಲ ಸರ್ವೆಯವರೇ. ವೈಟ್‌ಫೀಲ್ಡ್ ಸುತ್ತಮುತ್ತಲ ಹಳ್ಳಿಗಳಲ್ಲಿ ಬಾಳಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಲಗಳು ಟೆಕ್ ಪಾರ್ಕಿಗೆ ಹೋಗುವ ಮುಂಚೆ ಬಂದರು, ರಸ್ತೆ ಅಗಲ ಮಾಡುವಾಗ ಬಂದರು, ಮೆಟ್ರೋ ಕಂಬ ಏಳುವ ಮುಂಚೆಯೂ ಬಂದರು. ಮೂರು ಕಾಲಿನ ಮೇಲೆ ಮಿಷನ್ ನಿಲ್ಲಿಸಿ ಅವರು ಒಂದು ಕಣ್ಣು ಮುಚ್ಚಿದರೆ ಊರಿನಲ್ಲಿ ಯಾರದೋ ಎದೆ ಢವಢವ ಅನ್ನುತ್ತದೆ. ಅವರಿಗೆ ಎಳನೀರು ಕೊಡಿಸುವುದು, ನೆರಳಿಗೆ ಕುರ್ಚಿ ಹಾಕಿಸುವುದು ನಮ್ಮೂರಿನ ಪದ್ಧತಿ. ಎಳನೀರು ಕುಡಿದ ಮೇಲೆ ಅಳತೆಯ ಗೆರೆ ಒಂದಿಷ್ಟು ಆಚೆ ಸರಿದೀತು ಎಂಬ ಆಸೆ. ಸರಿದದ್ದನ್ನು ನಾನು ಕಂಡಿಲ್ಲ. ಪದ್ಧತಿ ಮಾತ್ರ ನಡೆದುಕೊಂಡು ಬಂದಿದೆ.

ಒಂದು ಚಳಿಗಾಲದ ಬೆಳಿಗ್ಗೆ ನಾನು ನಮ್ಮ ಕೆರೆಯ ಏರಿಯ ಮೇಲೆ ನಿಂತಿದ್ದೆ. ಸೀರೆಯ ಮೇಲೆ ಜರ್ಕಿನ್, ತಲೆಗೆ ಕ್ಯಾಪು, ಕಾಲಿಗೆ ಕ್ಯಾನ್ವಾಸ್ ಶೂ, ಕಣ್ಣಿಗೆ ಕಡ ತಂದ ದುರ್ಬೀನು. ದೂರದಿಂದ ನೋಡಿದವರಿಗೆ ನಾನು ಥೇಟ್ ಸರ್ಕಾರಿ ಮೇಡಂ ತರಹವೇ ಕಂಡಿರಬೇಕು. ಒಬ್ಬ ಕೆಲಸದಾಳು ಏದುಸಿರು ಬಿಡುತ್ತ ಓಡಿ ಬಂದು, ಕೆತ್ತಿದ ಎಳನೀರನ್ನು ಎರಡೂ ಕೈಯಲ್ಲಿ ನೀಡಿದ.

"ಸರ್ವೆ ಮೇಡಂ, ಅಣ್ಣೋರು ಕಳ್ಸವ್ರೆ, ತಗಳಿ. ಕುರ್ಚಿನೂ ತರ್ತಾವ್ರೆ."

ಬೇಡ ಅನ್ನಲಿಲ್ಲ. ಬಾಯಾರಿಕೆಯಾಗಿತ್ತು, ಎಳನೀರೂ ಸಿಹಿಯಾಗಿತ್ತು. ಅರ್ಧ ಕುಡಿಯುವ ಹೊತ್ತಿಗೆ ಅಣ್ಣೋರು ತಾವೇ ಬುಲೆಟ್ ನಿಲ್ಲಿಸಿ, ಮುಖದ ತುಂಬ ನಗು ತುಂಬಿಕೊಂಡು ಏರಿ ಹತ್ತಿ ಬಂದರು. ನೋಡಿದರೆ ನಮ್ಮ ಯಜಮಾನರ ಚಿಕ್ಕಪ್ಪನ ಮಗ, ವರಸೆಯಲ್ಲಿ ನನಗೆ ಮೈದುನ. ಕೆರೆಯ ಆಚೆ ದಡದಲ್ಲಿ ನೀಲಿ ತಗಡು ಕಟ್ಟಿಕೊಂಡು ಗೋಡೌನು, ಕೂಲಿಯವರ ಶೆಡ್ಡು ನಡೆಸುವವನು. ನಾನು ಕ್ಯಾಪು ತೆಗೆದೆ. ಅವನ ನಗು ಅಲ್ಲೇ ನಿಂತಿತು.

"ಅತ್ಗೆ! ನೀವಾ?"

"ನಾನೇ ಕಣಪ್ಪ. ಎಳನೀರು ಚೆನ್ನಾಗಿದೆ."

"ಏನ್ ನೋಡ್ತಿದ್ರಿ ಆ ಕಡೆ?"

"ಗುಳುಮುಳುಕ."

"ಯಾವ್ ಮುಳುಕ?"

ನೀರಿನ ಮೇಲೆ ತೇಲುತ್ತಿದ್ದ ಪುಟ್ಟ ಹಕ್ಕಿಯನ್ನು ತೋರಿಸಿದೆ. ಅದು ಗುಳುಕ್ಕನೆ ಮುಳುಗಿತು. ಅವನಿಗೆ ನೀರು ಮಾತ್ರ ಕಂಡಿತು. ದುರ್ಬೀನನ್ನು ಅವನ ಕಡೆ ಚಾಚಿದೆ, ಅವನು ಮುಟ್ಟಲಿಲ್ಲ. ಕುರ್ಚಿ ಹೊತ್ತು ತರುತ್ತಿದ್ದವನಿಗೆ ದೂರದಿಂದಲೇ ಕೈಬೀಸಿ ವಾಪಸ್ಸು ಹೋಗೆಂದ.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ತವರು ಕುಂದಲಹಳ್ಳಿ, ಕೊಟ್ಟದ್ದು ಅಲ್ಲಿಂದ ಕೂಗಳತೆಯ ಊರಿಗೆ. ಹೊಲವಿದ್ದಾಗ ರಾಗಿ ಬೆಳೆಯುತ್ತಿದ್ದ ಯಜಮಾನರು ಈಗ ಮನೆಯ ಮೇಲೆ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ಮೇಲಿನ ಮನೆಯಲ್ಲಿ ಕಂಪ್ಯೂಟರ್ ಕೆಲಸದ ಒಬ್ಬ ದಾವಣಗೆರೆಯ ಹುಡುಗಿ ಇದ್ದಾಳೆ. ಭಾನುವಾರವಾದರೆ ಹಕ್ಕಿ ನೋಡುವವರ ಗುಂಪಿನ ಜೊತೆ ಕೆರೆ ಕೆರೆ ಸುತ್ತುತ್ತಾಳೆ. ಒಂದು ದಿನ ಟೆರೇಸಿನಲ್ಲಿ ಸಂಡಿಗೆ ಹರವುತ್ತಿದ್ದ ನನ್ನ ಕೈಗೆ ತನ್ನ ದುರ್ಬೀನು ಕೊಟ್ಟು, "ಕೆರಿ ಕಡೆ ನೋಡ್ರಿ ಆಂಟಿ, ಒಂದ್ಸಲ" ಅಂದಳು.

ನೋಡಿದೆ. ಹುಟ್ಟಿದಾಗಿನಿಂದ ನಾನು ನೀರುಕೋಳಿ ಅಂತ ಒಂದೇ ಹೆಸರಿನಲ್ಲಿ ಕರೆದು ಮುಗಿಸಿದ್ದ ಕಪ್ಪು ಚುಕ್ಕೆಗಳು ಒಂದೊಂದೂ ಒಂದೊಂದು ಹಕ್ಕಿಯಾದವು. ಒಂದರ ಹಣೆಯ ಮೇಲೆ ಬೆಳ್ಳಗೆ ನಾಮ. ನಾಮದ ಕೋಳಿ ಎಂಬ ಹೆಸರನ್ನು ಮಕ್ಕಳಿಗೆ ಪಾಠದಲ್ಲಿ ಹೇಳಿದ್ದವಳು ನಾನು. ನಾಮವನ್ನು ಕಂಡದ್ದು ಅವತ್ತೇ. ಸಂಡಿಗೆ ಹಿಟ್ಟು ಪಾತ್ರೆಯಲ್ಲೇ ಹುಳಿ ಬಂತು.

ನಾವು ಬೆಳೆದ ಕಾಲದಲ್ಲಿ ಹೆಣ್ಣುಮಕ್ಕಳು ಕೆರೆಗೆ ಹೋದರೆ ಕೆಲಸಕ್ಕೆ ಹೋಗಬೇಕಿತ್ತು. ಬಟ್ಟೆ ಒಗೆಯಬೇಕು, ಎಮ್ಮೆ ಮೈ ತೊಳೆಯಬೇಕು, ತಲೆ ತಗ್ಗಿಸಿಕೊಂಡು ವಾಪಸ್ಸು ಬರಬೇಕು. ನಿಂತು ನೋಡಿದರೆ "ಯಾರನ್ನೇ ನೋಡ್ತಿದ್ದೆ?" ಎಂದು ಕೇಳುತ್ತಿದ್ದರು. ಏನನ್ನು ನೋಡುತ್ತಿದ್ದೆ ಎಂದು ಕೇಳಿದವರು ಯಾರೂ ಇಲ್ಲ. ಈ ವಯಸ್ಸಿನಲ್ಲಾದರೂ ತಲೆ ಎತ್ತಿ, ನಿಂತು, ಬೇಕಾದಷ್ಟು ಹೊತ್ತು ನೋಡಬೇಕು ಅನ್ನಿಸಿತು. ಆಸೆ ಇಷ್ಟೇ, ಆದರೆ ಹಠ ಹಿಡಿಸುವಷ್ಟು ದೊಡ್ಡದು. ಹುಡುಗಿಯ ದುರ್ಬೀನನ್ನು ದಿನಾ ಕೇಳುವುದು ಸರಿಯಲ್ಲ, ನನ್ನದೇ ಒಂದು ಕೊಳ್ಳುತ್ತೇನೆ ಅಂತ ಮನೆಯಲ್ಲಿ ಹೇಳಿದೆ. ಯಜಮಾನರು ಸಂತೋಷವಾಗಿಯೇ ಒಪ್ಪಿದರು. "ತಗಳಾದಾದ್ರೆ ದೊಡ್ಡದೇ ತಗ. ಮಿಲಿಟ್ರಿಯೋರು ಇಡ್ಕಂತಾರಲ್ಲ, ಅಂತದ್ದು" ಅಂದರು. ಸೈಟಾಗಲಿ ಸೌತೆಕಾಯಾಗಲಿ ಅವರಿಗೆ ದೊಡ್ಡದೇ ಬೇಕು.

ಎಳನೀರು ಕುಡಿದ ದಿನ ಸಂಜೆ ಮೈದುನ ಮನೆಗೆ ಬಂದ. ಹಾಲ್‌ನಲ್ಲಿ ಕೂತ, ಕಾಫಿ ಕುಡಿದ, ಮೊಮ್ಮಕ್ಕಳ ಸಮಾಚಾರ ಕೇಳಿದ. ಆಮೇಲೆ ಲೋಟ ಕೆಳಗಿಟ್ಟು ಅಣ್ಣನ ಕಡೆ ನೋಡಿಕೊಂಡೇ ನನಗೆ ಹೇಳಿದ.

"ಅತ್ಗೆ, ನಿಮ್ ವಯಸ್ಗೆ ಇವೆಲ್ಲಾ ಬೇಕಾ? ಜನ ಏನೇನೋ ಮಾತಾಡ್ತಾವ್ರೆ. ಟೀಚರಮ್ಮ ಆಫೀಸರ್‌ಗಳ್ಗೆ ಮಾಹಿತಿ ಕೊಡ್ತಾವ್ರೆ ಅಂತ."

"ಏನಂತ ಮಾಹಿತಿ?"

"ಅದೇ... ಏನೋ ಒಂದು."

"ಕೊಡೋ ಅಂಥದ್ದು ಅಲ್ಲೇನಿದೆ? ನಾನು ನೋಡಿದ್ದು ಹಕ್ಕಿ."

"ಅಕ್ಕಿ ನೋಡ್ಬೇಕಂದ್ರೆ ಟೀವೀಲಿ ನೋಡಿ. ಮೊಬೈಲ್‌ನಾಗೆ ಬೇಕಾದಂಗೆ ಬತ್ತಾವೆ. ಕೆರೆ ತಾವ್ಕೆ ಬರ್‌ಬ್ಯಾಡಿ, ಅಷ್ಟೇಯ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ನಾನು ಮೂವತ್ತು ವರ್ಷ ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಟ್ಟಿದ್ದೇನೆ. ಅವತ್ತು ನಮ್ಮ ಸೋಫಾದ ಮೇಲೆ ಅದೇ ಗಾದೆ ಕೂತು ಕಾಫಿ ಕುಡಿಯುತ್ತಿತ್ತು. ಅಷ್ಟು ಹೊತ್ತಿನವರೆಗೂ ನಾನು ಅವನ ಕಡೆಯ ದಡವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಹಕ್ಕಿಗಳು ಹೆಚ್ಚಾಗಿ ಈ ಕಡೆ ಇದ್ದವು. ನೋಡುವಂಥದ್ದು ಆ ಕಡೆಯೂ ಏನೋ ಇದೆ ಎಂದು ಹೇಳಿಕೊಟ್ಟವನು ಅವನೇ.

ಅವನು ಹೋದ ಮೇಲೆ ಯಜಮಾನರು ಗೇಟು ಹಾಕಿಕೊಂಡು ಬಂದು ದನಿ ತಗ್ಗಿಸಿದರು.

"ದಾಯಾದಿ ಕಣೇ. ನಾಳಿಕ್ಕೆ ಸಾವು ನೋವು ಅಂದ್ರೆ ಎಗಲು ಕೊಡಕ್ಕೆ ಅವ್ನೇ ಬರ್ಬೇಕು. ಒಂದ್ ಕೆಲ್ಸ ಮಾಡು. ಸಣ್ಣದು ತಗ. ಅಂಗೈಯಗಲದ್ದು ಬತ್ತವಂತೆ. ಸೆರಗಲ್ಲಿ ಮುಚ್ಕೊಂಡೋಗಿ ನೋಡ್ಕೊಂಡು ಬಂದ್ಬಿಡು. ಯಾರಿಗ್ ಗೊತ್ತಾಗ್ತದೆ?"

ನನಗೆ ಕೋಪ ಬಂತು. ಮೈದುನನ ಮೇಲೆ ಬಂದದ್ದಕ್ಕಿಂತ ಇವರ ಮೇಲೆ ಹೆಚ್ಚು ಬಂತು. ಹೆದರಿಸುವವನದು ಅವನ ಸ್ವಾರ್ಥ. ಬಚ್ಚಿಟ್ಟುಕೋ ಎಂದು ಬುದ್ಧಿ ಹೇಳುವವರು ಮನೆಯವರು.

ಸೆರಗಿನಲ್ಲಿ ನಾನು ಏನೇನು ಮುಚ್ಚಿಲ್ಲ! ಮದುವೆಯಾದ ಹೊಸದರಲ್ಲಿ ಅತ್ತೆಯ ಕಣ್ಣಿಗೆ ಬೀಳದಂತೆ ಪುಸ್ತಕ ಮುಚ್ಚಿದ್ದೇನೆ. ತವರಿನಿಂದ ಬಂದ ಚಿಗಳಿ ಉಂಡೆ ಮುಚ್ಚಿದ್ದೇನೆ. ಸ್ಕೂಲಿಗೆ ಹೋಗುವುದು ನಿಂತೀತೆಂದು ಬಸಿರು ಮುಚ್ಚಿದ್ದೇನೆ. ಅಳು ಬಂದಾಗ ಬಾಯಿಗೆ ಅದೇ ಸೆರಗು. ಇನ್ನು ಕಣ್ಣನ್ನೂ ಅದರಲ್ಲೇ ಮುಚ್ಚಿಕೊಳ್ಳಬೇಕೆ? ಆಗುವುದಿಲ್ಲ ಅಂದೆ. ಶನಿವಾರ ಮಾರತ್ತಹಳ್ಳಿಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತೀರೋ, ಬಸ್ಸಿನಲ್ಲಿ ಹೋಗಲೋ ಎಂದು ಕೇಳಿದೆ. ಕರೆದುಕೊಂಡು ಹೋದರು.

ಹೊರಡುವಾಗ ಮೇಲಿನ ಹುಡುಗಿ ಮೆಟ್ಟಿಲ ಮೇಲಿಂದ ಬಗ್ಗಿ, "ನಿಮ್ ಕೈ ಕೇಳ್ರಿ, ನಿಮ್ ಚಶ್ಮಾ ಕೇಳ್ರಿ, ನಿಮ್ ಕುತ್ತಿಗಿ ಕೇಳ್ರಿ ಆಂಟಿ. ಅಂಗಡಿಯಾಂವನ್ನ ಮಾತ್ರ ಕೇಳಬ್ಯಾಡ್ರಿ" ಅಂದಳು.

ಕ್ಯಾಮೆರಾ ಅಂಗಡಿಯವನು ಮೊದಲು ತೆಗೆದದ್ದು ಪಡವಲಕಾಯಿಯಷ್ಟು ಉದ್ದದ್ದನ್ನು. ಮಾತನಾಡಿದ್ದು ನಮ್ಮ ಯಜಮಾನರ ಹತ್ತಿರ.

"ಇಪ್ಪತ್ತು ಪಟ್ಟು ಸಾರ್. ಸಕ್ಕತ್ ಪವರ್. ಚಂದ್ರನ ಮೇಲಿರೋ ಗುಂಡಿ ಕಾಣುತ್ತೆ."

"ತಗೊಳ್ಳೋದು ನಾನು, ನನ್ ಹತ್ರ ಮಾತಾಡಪ್ಪ. ಗುಂಡಿ ನೋಡೋಕೆ ಚಂದ್ರನ ತನಕ ಯಾಕೆ, ನಮ್ ರಸ್ತೇಲೇ ಇವೆ."

ಅಂಗಡಿಯೊಳಗೆ ನೋಡಲು ಗೋಡೆಯ ಕ್ಯಾಲೆಂಡರು ಬಿಟ್ಟರೆ ಏನೂ ಇರಲಿಲ್ಲ. ಹೊರಗೆ ಹೋಗಿ ನೋಡುತ್ತೇನೆ ಅಂದೆ. ಹೊರಗೆ ಬಿಡುವುದಿಲ್ಲ ಅಂದ.

"ಚಪ್ಪಲಿ ತಗೊಂಡ್ರೆ ಹಾಕಿ ನಡೆದು ನೋಡ್ತೀನಿ. ಕಡಲೆಕಾಯಿ ತಗೊಂಡ್ರೆ ಒಂದು ಸುಲಿದು ತಿಂದು ನೋಡ್ತೀನಿ. ದೂರ ನೋಡೋ ಸಾಮಾನನ್ನ ನಾಲ್ಕು ಗೋಡೆ ಮಧ್ಯೆ ನೋಡಿ ತಗೊಳ್ಳಾ? ಬೇಕಾದ್ರೆ ನಮ್ ಯಜಮಾನ್ರನ್ನ ಒಳಗೆ ಅಡ ಇಟ್ಕೊ."

ಅವನು ನಕ್ಕುಬಿಟ್ಟ. ಒಂದು ತಟ್ಟೆಯಲ್ಲಿ ನಾಲ್ಕನ್ನು ಇಟ್ಟುಕೊಂಡು ತಾನೇ ಫುಟ್‌ಪಾತಿಗೆ ಬಂದ. ಬಸ್ಸುಗಳ ಹೊಗೆಯ ನಡುವೆ ನಾನು ಕತ್ತೆತ್ತಿದೆ. ರಸ್ತೆಯಾಚೆಯ ಕಟ್ಟಡದ ಮೇಲೆ ಮೊಬೈಲ್ ಟವರು, ಅದರ ತುದಿಯಲ್ಲಿ ಒಂದು ಹದ್ದು ಕೂತಿತ್ತು. ಇಪ್ಪತ್ತು ಪಟ್ಟಿನದನ್ನು ಹಿಡಿದರೆ ಟವರೇ ನಡುಗಿತು. ನನ್ನ ಕೈಯ ಸಣ್ಣ ನಡುಕವನ್ನೂ ಅದು ಇಪ್ಪತ್ತು ಪಟ್ಟು ಮಾಡಿ ತೋರಿಸುತ್ತಿತ್ತು. ಹತ್ತು ಪಟ್ಟಿನದು ಪರವಾಗಿಲ್ಲ, ಆದರೆ ಅದರ ವೃತ್ತ ಚಿಕ್ಕದು. ಹದ್ದನ್ನು ಹುಡುಕುವುದರೊಳಗೆ ಹದ್ದು ಹಾರಿ ಪಕ್ಕದ ತಂತಿಗೆ ಹೋಗಿ ಕೂತಿತು. ಎಂಟು ಪಟ್ಟಿನದರಲ್ಲಿ ಅದು ನಿಂತಲ್ಲಿ ನಿಂತು ಕಂಡಿತು. ಕಣ್ಣಿಗೆ ತಾಗುವ ರಬ್ಬರ್ ಬಳೆಯನ್ನು ಒಳಕ್ಕೆ ತಿರುಗಿಸಿದೆ, ಕನ್ನಡಕ ತೆಗೆಯದೆಯೇ ವೃತ್ತ ಪೂರ್ತಿ ತೆರೆಯಿತು. ನನ್ನ ಬಲಗಣ್ಣಿಗೂ ಎಡಗಣ್ಣಿಗೂ ನಂಬರು ಬೇರೆ. ಬಲಗಡೆ ಅದಕ್ಕೆಂದೇ ಇರುವ ಬಳೆಯನ್ನು ಒಂಚೂರು ತಿರುಗಿಸಿದಾಗ ಎರಡೂ ಕಣ್ಣು ಜಗಳ ನಿಲ್ಲಿಸಿದವು. ಕುತ್ತಿಗೆಗೆ ಹಾಕಿಕೊಂಡು ಅಂಗಡಿಯ ಮುಂದೆ ಅತ್ತಿಂದಿತ್ತ ಓಡಾಡಿದೆ. ಭಾರವಿದೆ, ಹೊರಲಾರದಷ್ಟಿಲ್ಲ. ಹಾಲು ತರಲು ಹೋಗುವಾಗಲೂ ಹಾಕಿಕೊಂಡು ಹೋಗಬಹುದು. ದಿನಾ ಬಳಸುವ ಸಾಮಾನು ಎಂದರೆ ಅಷ್ಟೇ ತಾನೆ.

ತಟ್ಟೆಯಲ್ಲಿ ಇನ್ನೊಂದು ಉಳಿದಿತ್ತು. ಅಂಗೈಯಗಲದ್ದು, ಮಡಚಿದರೆ ವೀಳ್ಯದೆಲೆಯ ಕಟ್ಟಿನಷ್ಟು. ಅದು ಕಂಡದ್ದೇ ಯಜಮಾನರ ಮುಖ ಅರಳಿತು. "ಇದೇ ಕಣೇ ನಾನ್ ಏಳಿದ್ದು." ಅದನ್ನೂ ನ್ಯಾಯವಾಗಿಯೇ ಪರೀಕ್ಷೆ ಮಾಡಿದೆ. ಬಿಸಿಲಿನಲ್ಲಿ ಹದ್ದು ಚೆನ್ನಾಗಿಯೇ ಕಂಡಿತು. ಅಲ್ಲೇ ಪಕ್ಕದ ಸೇತುವೆಯ ಕೆಳಗಿನ ನೆರಳಿಗೆ ತಿರುಗಿಸಿದರೆ ಪಾರಿವಾಳ ಬೂದು ಮುದ್ದೆಯಾಯಿತು. ಎಂಟು ಪಟ್ಟಿನ ದೊಡ್ಡದರಲ್ಲಿ ಅದೇ ಪಾರಿವಾಳದ ಕತ್ತಿನ ಹಸಿರು ಹೊಳಪು ಕಂಡಿತು. ಅದರ ಗಾಜಿನ ಬಾಯಿ ಅಗಲ, ಬೆಳಕು ಹೆಚ್ಚು ಕುಡಿಯುತ್ತದೆ. ನಾನು ಕೆರೆಗೆ ಹೋಗುವುದು ಬೆಳಗಿನ ಮಬ್ಬಿನಲ್ಲಿ. ಹಾಗಾಗಿ ದೊಡ್ಡದೇ ಸರಿ ಅಂದೆ.

ಇದು ಅಂಗಡಿಯವನಿಗೆ ಹೇಳಿದ ಕಾರಣ. ಚಿಕ್ಕದರಲ್ಲಿ ಇನ್ನೂ ಚೆನ್ನಾಗಿ ಕಂಡಿದ್ದರೂ ನಾನು ಅದನ್ನು ತೆಗೆದುಕೊಳ್ಳುತ್ತಿರಲಿಲ್ಲ. ಅದು ಬಚ್ಚಿಡಲು ಹೇಳಿ ಮಾಡಿಸಿದಂತಿತ್ತು.

"ಬ್ಯಾಗಿಗೆ ಹಾಕ್ಲಾ ಮೇಡಂ?"

"ಬೇಡ. ಕುತ್ತಿಗೇಲೇ ಇರ್ಲಿ."

ಎದೆಯ ಮೇಲೆ ದುರ್ಬೀನು ಕುಣಿಸಿಕೊಂಡು ಸ್ಕೂಟರಿನ ಹಿಂದೆ ಕೂತು ಬಂದೆ. ಟ್ರಾಫಿಕ್ಕಿನಲ್ಲಿ ನಿಂತವರೆಲ್ಲ ತಿರುಗಿ ತಿರುಗಿ ನೋಡಿದರು. ಕುಂದಲಹಳ್ಳಿಯ ಸಿಗ್ನಲ್ಲಿನಲ್ಲಿ ನಿಂತಾಗ ಯಜಮಾನರು, "ತಾಳಿ ಇದ್ದಂಗೆ ನೇತಾಕ್ಕೊಂಡಿದೀಯ" ಅಂದರು.

"ತಾಳಿ ಎಲ್ರಿಗೂ ಕಾಣೋ ಹಾಗೆ ಹಾಕ್ಕೊಂಡ್ರೆ ಯಾರೂ ಏನೂ ಅನ್ನಲ್ವಲ್ಲ."

ಹಸಿರು ದೀಪ ಬಂತು, ಸ್ಕೂಟರು ಹೊರಟಿತು.

ಮರುದಿನದಿಂದ ಏರಿಯ ಮೇಲೆ ನನ್ನ ಜಾಗದಲ್ಲಿ ನಿಂತೆ. ಮೊದಲು ಈ ಕಡೆಯ ಹಕ್ಕಿಗಳನ್ನು ನೋಡಿದೆ. ಆಮೇಲೆ ಮೆಲ್ಲಗೆ ಆಚೆಯ ದಡಕ್ಕೆ ತಿರುಗಿದೆ. ನೀಲಿ ತಗಡಿನ ಕೆಳಗಿನ ಸಂದಿಯಿಂದ ನೀರಿಗೆ ಮಣ್ಣು ಇಳಿದಿತ್ತು. ಮಣ್ಣಿನಲ್ಲಿ ಒಡೆದ ಟೈಲ್ಸು, ಸಿಮೆಂಟಿನ ಚೂರು, ಯಾರದೋ ಬಚ್ಚಲಿನ ಬಿಳಿ ಬೇಸಿನ್ನು. ಜೊಂಡು ಅರ್ಧ ಹೂತು ಹೋಗಿತ್ತು. ನೇರಳೆ ಬಣ್ಣದ ಒಂದು ಜಂಬುಕೋಳಿ ಕೆಂಪು ಕಾಲನ್ನು ಎತ್ತೆತ್ತಿಡುತ್ತ ಆ ಬೇಸಿನ್ನಿನ ಅಂಚಿನ ಮೇಲೆ ನಡೆಯುತ್ತಿತ್ತು. ಈ ಕೆರೆಯ ನೀರನ್ನು ನಮ್ಮ ಮನೆಯ ರಾಗಿ ಪೈರೂ ಇವನ ಮನೆಯ ಪೈರೂ ಒಂದೇ ಕಾಲುವೆಯಲ್ಲಿ ಕುಡಿದು ಬೆಳೆದವು. ಅದೇ ಕೆರೆಯನ್ನು ಮುಚ್ಚಿ ಜಾಗ ಮಾಡಿಕೊಳ್ಳಲು ಇವನು ಬಚ್ಚಲು ತಂದು ಸುರಿದಿದ್ದ.

ಅರ್ಜಿ ಬರೆಯಬಹುದಿತ್ತು. ಹುಡುಗಿಯೂ ಬರೆದುಕೊಡುತ್ತೇನೆ ಅಂದಳು. ಬರೆಯಬೇಕಾದಾಗ ಬರೆಯೋಣ ಅಂದೆ. ಅರ್ಜಿಯನ್ನು ಯಾರಾದರೂ ಡ್ರಾಯರಿನಲ್ಲಿ ಹಾಕಿ ಮುಚ್ಚಬಹುದು, ನನ್ನನ್ನು ಹಾಕಿ ಮುಚ್ಚುವಂಥ ಡ್ರಾಯರು ಇನ್ನೂ ಯಾರೂ ಮಾಡಿಸಿಲ್ಲ. ನಾನು ನಿಂತೆ.

ಒಂದು ಮುಂಜಾನೆ ಮಣ್ಣು ಹೊತ್ತ ಟ್ರ್ಯಾಕ್ಟರು ಬಂತು. ಡ್ರೈವರು ಟ್ರೇಲರು ಎತ್ತುವ ಮುಂಚೆ ನನ್ನನ್ನು ಕಂಡ. ಅವನ ಮುಖ ನನಗೆ ಎಂಟು ಪಟ್ಟು ಹತ್ತಿರವಿತ್ತು, ಮೀಸೆಗೆ ಅಂಟಿದ್ದ ಟೀಯ ನೊರೆಯೂ ಕಾಣುತ್ತಿತ್ತು. ಟವೆಲ್ಲಿನಿಂದ ಮುಖ ಮುಚ್ಚಿಕೊಂಡ, ಸ್ವಲ್ಪ ಹೊತ್ತು ಕೂತ, ರಿವರ್ಸ್ ತೆಗೆದುಕೊಂಡು ಹೊರಟುಹೋದ. ಮತ್ತೊಂದು ದಿನ ಬೇರೆ ಡ್ರೈವರು ಬಂದ. ಅವನೂ ಹಾಗೆಯೇ ಹೋದ. ನಾನು ಕೂಗಿ ಬೈದದ್ದೂ ಇಲ್ಲ, ಫೋಟೋ ಹಿಡಿದದ್ದೂ ಇಲ್ಲ.

ಊರಿನಲ್ಲಿ ಗುಸುಗುಸು ಶುರುವಾಯಿತು. ಟೀಚರಮ್ಮನಿಗೆ ರಿಟೈರಾದ ಮೇಲೆ ತಲೆ ಕೆಟ್ಟಿದೆ ಅಂದರು. ಕೆಟ್ಟಿದ್ದರೆ ಕೆಡಲಿ. ಹೂವು ಕಟ್ಟುವ ಅಕ್ಕ ಒಬ್ಬಳು ದಿನಾ ಏರಿಯ ಮೇಲೆ ಹೋಗುವವಳು ಒಮ್ಮೆ ಬುಟ್ಟಿ ಇಳಿಸಿ, "ಏನ್ ಕಾಣ್ತದೆ ಮಿಸ್ಸು ಅದ್ರಾಗೆ?" ಎಂದು ಕೇಳಿದಳು. ಕೊಟ್ಟೆ. "ಅಯ್ಯೋ ಸಿವನೇ, ಮೂಗ್ಗೇ ಬಂತು!" ಎಂದು ಹಿಂದಕ್ಕೆ ನೆಗೆದಳು. ಮರುದಿನ ಇನ್ನಿಬ್ಬರನ್ನು ಕರೆತಂದಳು. ಅವರೆಲ್ಲ ಮೊದಲು ಹಕ್ಕಿ ನೋಡುತ್ತಿದ್ದರು. ಆಮೇಲೆ ನಾನು ಹೇಳದೆಯೇ ದುರ್ಬೀನು ಆಚೆಯ ದಡಕ್ಕೆ ತಿರುಗುತ್ತಿತ್ತು. "ಅದ್ಯಾರ್ ಮಿಸ್ಸು ಅಲ್ಲಿ ಬಚ್ಚಲ್ ಆಕಿರಾದು?" ಎಂದು ಕೇಳುತ್ತಿದ್ದರು. ನೀವೇ ನೋಡಿ ಅನ್ನುತ್ತಿದ್ದೆ. ದುರ್ಬೀನಿನ ಪಟ್ಟಿಗೆ ಮಲ್ಲಿಗೆಯ ವಾಸನೆ ಹತ್ತಿತು.

ಮಳೆಗಾಲ ಹಿಡಿಯಿತು. ಮಣ್ಣು ಬೀಳುವುದು ನಿಂತು ಬಹಳ ದಿನವಾಗಿತ್ತು. ಹೂತಿದ್ದ ಜೊಂಡಿನ ಬುಡದಿಂದ ಹಸಿರು ಮೊಳಕೆ ಬಂದಿದ್ದವು. ಅಂಥ ಒಂದು ಬೆಳಿಗ್ಗೆ ಮೈದುನ ಮತ್ತೆ ಏರಿ ಹತ್ತಿ ಬಂದ. ಈ ಸಲ ಎಳನೀರು ಇರಲಿಲ್ಲ, ಒಂದು ಪೆಟ್ಟಿಗೆ ಇತ್ತು.

"ಅತ್ಗೆ, ನಿಮ್ಗೋಸ್ಕರ ದುಬೈಯಿಂದ ತರ್ಸಿದೀನಿ. ಜರ್ಮನಿ ಮಾಲು. ನೋಡಿ ಒಂದ್ಸಲ."

ನೋಡಿದೆ. ಸುಳ್ಳು ಯಾಕೆ ಹೇಳಲಿ, ಅಂಥದ್ದನ್ನು ನಾನು ಹಿಂದೆ ಕಂಡಿರಲಿಲ್ಲ, ಮುಂದೆ ಕಾಣುವುದೂ ಇಲ್ಲ. ಗಾಜು ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಜೊಂಡಿನಿಂದ ಗುಳುಮುಳುಕ ಹೊರಗೆ ಬಂದಿತ್ತು. ಬೆನ್ನಿನ ಗರಿಯೊಳಗಿಂದ ಪಟ್ಟೆಪಟ್ಟೆಯ ಮರಿಯೊಂದು ತಲೆ ಹಾಕಿ ನೋಡುತ್ತಿತ್ತು. ಆಸೆಯಾಯಿತು. ಕೈಯಿಂದ ಇಳಿಸಲು ಮನಸ್ಸೇ ಬರಲಿಲ್ಲ.

"ಇಟ್ಕೊಳಿ ಅತ್ಗೆ. ವರ್ತೂರ್ ಕಡೆ ದೊಡ್ ಕೆರೆ ಐತಲ್ಲ, ಅಲ್ಲಿ ಇದ್ಕಿಂತ ಜಾಸ್ತಿ ಅಕ್ಕಿ ಅವೆ. ದಿನಾ ಕಾರು ಕಳಿಸ್ತೀನಿ, ಅಲ್ಲೋಗಿ ನೋಡಿ. ಇಲ್ಲೇನೈತೆ?"

ಅದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿ ಅವನ ಕೈಗೇ ಕೊಟ್ಟೆ.

"ತುಂಬಾ ಚೆನ್ನಾಗಿದೆ ಕಣಪ್ಪ. ಆದ್ರೆ ನನ್ನದ್ರಲ್ಲೇ ನೀನು ಚೆನ್ನಾಗಿ ಕಾಣ್ತೀಯ."

ಅವನು ಪೆಟ್ಟಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಇಳಿದು ಹೋದ. ಮನೆಗೆ ಬಂದು ನಡೆದದ್ದನ್ನೆಲ್ಲ ಯಜಮಾನರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಜರ್ಮನಿ ಮಾಲು ಎಷ್ಟು ದೊಡ್ಡದಿತ್ತು ಎಂದು ಮಾತ್ರ ಕೇಳಿದರು.

ಮರುದಿನ ಬೆಳಿಗ್ಗೆ ನಾನು ಶೂ ಹಾಕಿಕೊಂಡು ಹೊರಗೆ ಬಂದರೆ ಅವರು ಗೇಟಿನ ಹತ್ತಿರ ನಿಂತಿದ್ದರು. ತಲೆಯ ಮೇಲೆ ನಮ್ಮ ಹಾಲ್‌ನ ಪ್ಲಾಸ್ಟಿಕ್ ಕುರ್ಚಿ. ಊರ ನಡುವಿನ ಬೀದಿಯಲ್ಲೇ, ಮೈದುನನ ಮನೆಯ ಮುಂದಿನಿಂದಲೇ ಅದನ್ನು ಹೊತ್ತು ನನ್ನ ಮುಂದೆ ನಡೆದರು. ಏರಿಯ ಮೇಲೆ ಕುರ್ಚಿ ಇಳಿಸಿ, ಅಲುಗಾಡದ ಹಾಗೆ ಕಾಲಿಗೆ ಕಲ್ಲು ಕೊಟ್ಟು, ಅದರ ಮುಖವನ್ನು ನೀಲಿ ತಗಡಿನ ಕಡೆಗೆ ತಿರುಗಿಸಿದರು.

"ಕೂತ್ಕ," ಅಂದರು. "ಇಲ್ಲಿಂದ ಸರ್ಯಾಗ್ ಕಾಣ್ತದಾ?"